ಷಡಕ್ಷರಿ ಮೆಚ್ಚಿದ ರಸ್ತೆ

ಷಡಕ್ಷರಿ: ನಿಲ್ಸಿ ಅಣ್ಣಾ! ಮೊದ್ಲು ಆ ರೋಲರ್ ನಿಲ್ಸಿ! ನಿಮ್ಮ ಕಾಲಿಗೆ ಬೀಳ್ತೀನಿ!

ರೇಣುಕಾಪ್ರಸಾದ್: ನೀನ್ಯಾಕಪ್ಪ ಬೀಳ್ತೀಯ? ಬೀಳೋದಾದ್ರೆ ನಾವು ನಿನ್ನ ಕಾಲಿಗೆ ಬೀಳ್ಬೇಕು. ಹತ್ತು ವರ್ಷದಿಂದ ಆಗ್ದಿದ್ದ ಕೆಲ್ಸನ ಒಂದೇ ತಿಂಗ್ಳಲ್ಲಿ ಮಾಡಿಸ್ಕೊಟ್ಟೆ.

ಷಡಕ್ಷರಿ: ಯಾರು, ನಾನಾ? ಯಾವ ಕೆಲ್ಸ?

ರೇಣುಕಾಪ್ರಸಾದ್: ಇನ್ಯಾವುದು? ರಸ್ತೆ!

ಹಾಗಲವಾಡಿಯ ಡಾಂಬರು ಮುಗಿದ ಕಡೆ ದನ ಮೇಯುವ ಕಾವಲು ಶುರುವಾಗುತ್ತದೆ. ಮೊಣಕಾಲೆತ್ತರದ ಹುಲ್ಲು, ಬಂದರಿಕೆಯ ಕುರುಚಲು ಗಿಡ, ಕರಿಬಂಡೆ, ಬಿಡುವಿಲ್ಲದ ಗಾಳಿ. ಒಂದು ಗುಡ್ಡ ಹತ್ತಿ ಇಳಿದರೆ ಇನ್ನೊಂದು ಗುಡ್ಡ. ಅದನ್ನೂ ಹತ್ತಿ ಇಳಿದರೆ ಕಣಿವೆಪಾಳ್ಯ. ಆ ಊರಿನ ಪಂಚಾಯ್ತಿ ಮೆಂಬರು ರೇಣುಕಾಪ್ರಸಾದ್ ಮತ್ತು ತುಮಕೂರಿನಲ್ಲಿ ಬ್ಯಾಂಕ್ ಮ್ಯಾನೇಜರಾಗಿರುವ ಷಡಕ್ಷರಿ ಇಬ್ಬರೂ ಷಡ್ಡಕರು. ಅಕ್ಕ ಶಿವರುದ್ರಮ್ಮ ರೇಣುಕಾಪ್ರಸಾದರಿಗೆ, ತಂಗಿ ಅನುಪಮಾ ಷಡಕ್ಷರಿಗೆ.

ಐವತ್ತು ದಾಟಿದ ಮೇಲೆ ಕೆಲವರಿಗೆ ಭಕ್ತಿ ಹೆಚ್ಚುತ್ತದೆ, ಕೆಲವರಿಗೆ ಬಿಪಿ ಹೆಚ್ಚುತ್ತದೆ. ಷಡಕ್ಷರಿಗೆ ಸೈಕಲ್ಲಿನ ಹುಚ್ಚು ಹಿಡಿಯಿತು. ಅದೂ ಸಾಮಾನ್ಯ ಸೈಕಲ್ಲಲ್ಲ, ಗ್ರಾವೆಲ್ ಸೈಕಲ್ಲು: ಟಗರಿನ ಕೊಂಬಿನಂಥ ಹ್ಯಾಂಡಲ್, ಕಲ್ಲು ಮಣ್ಣು ಕಚ್ಚಿ ಹಿಡಿಯುವ ಟೈರು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಷಡಕ್ಷರಿಗೆ ನುಣ್ಣಗಿರುವ ಯಾವುದೂ ಬೇಕಿರಲಿಲ್ಲ. ತುಮಕೂರಿನ ಸೈಕಲ್ ಬಳಗ ಈ ಭಾನುವಾರದ ಸವಾರಿಗೆ ದಾರಿ ಹುಡುಕುವ ಕೆಲಸವನ್ನು ಅವನಿಗೇ ಒಪ್ಪಿಸಿತ್ತು. ಬ್ಯಾಂಕಿನಲ್ಲಿ ಅವನ ಮಾತನ್ನು ಸಾಲ ಬೇಕಾದವರು ಮಾತ್ರ ಕೇಳುತ್ತಿದ್ದರು. ಮನೆಯಲ್ಲಿ ಸಾಲ ಬೇಕಾದವರೂ ಇರಲಿಲ್ಲ. ಅಂಥವನ ಹಿಂದೆ ನಾಳೆ ನಲವತ್ತು ಜನ ಸಾಲಾಗಿ ಬರುವವರಿದ್ದರು. ಆ ಖುಷಿಗೆ ಅವನು ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಕಡೇ ಸಲ ದಾರಿ ನೋಡಿ ಬರೋಣವೆಂದು ಶನಿವಾರ ಬೆಳಿಗ್ಗೆ ಹಾಗಲವಾಡಿಯಲ್ಲಿ ಕಾರು ನಿಲ್ಲಿಸಿ, ಕಾರಿನ ಮೇಲಿದ್ದ ಸೈಕಲ್ಲು ಇಳಿಸಿಕೊಂಡು ಬಂದರೆ ಈ ಅನಾಹುತ. ಊರ ಕಡೆಯ ತುದಿಯನ್ನು ಜೆಸಿಬಿ ನಿನ್ನೆಯೇ ಅಗೆದು, ಆಳುದ್ದ ಮಣ್ಣುಗುಡ್ಡೆ ಹಾಕಿ ಹೋಗಿತ್ತು. ಗುಡ್ಡೆಯ ಆಚೆ, ಕಾವಲಿನ ಬದಿಗೆ, ಜಲ್ಲಿ ರಾಶಿಗಳ ಪಕ್ಕದಲ್ಲಿ ರೋಲರ್ ಗುಡುಗುಡು ಅನ್ನುತ್ತ ನಿಂತಿತ್ತು. ಅದರ ಮೇಲೆ ಡ್ರೈವರ್ ಚೌಡಪ್ಪ, ಯಾರು ಗೆದ್ದರೆ ತನಗೇನು ಎಂಬಂತೆ ಕೂತಿದ್ದ.

ಷಡಕ್ಷರಿ: ರಸ್ತೆ ಮಾಡಿಸಿ ಅಂತ ನಾನು ಯಾರಿಗೂ ಹೇಳಿಲ್ಲವಲ್ಲ ಅಣ್ಣ.

ರೇಣುಕಾಪ್ರಸಾದ್: ಬಾಯಿ ಬಿಟ್ಟು ಹೇಳ್ಬೇಕಾ? ಫೋಟೋ ತೆಗ್ದು ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿದ್ಯಲ್ಲ. ಒಂದೊಂದು ಗುಂಡಿ ಪಕ್ಕದಲ್ಲೂ ಸೈಕಲ್ ನಿಲ್ಸಿ, ಆಳ ಎಷ್ಟೈತೆ ಅಂತ ಗೊತ್ತಾಗೋ ಹಂಗೆ. ಬಿಸ್ಲು ಬೀಳೋ ಟೈಮ್ ನೋಡಿ ಬೇರೆ. ನಮ್ಮ ಕೈಲಿ ಹಂಗೆ ತೆಗ್ಯಕ್ಕಾಯ್ತದಾ? ಎಲ್ಲಾ ಪ್ರಿಂಟ್ ಹಾಕ್ಸಿ ಗುಬ್ಬಿಗೆ ತಗೊಂಡೋಗಿ ಇಂಜಿನಿಯರ್ ಟೇಬಲ್ ಮೇಲಿಟ್ಟೆ. ನೋಡ್ಬುಟ್ಟು ಆಯಪ್ಪ ಕನ್ನಡಕ ತೆಗ್ದು ಒರೆಸ್ಕಂಡ್ರು.

ಷಡಕ್ಷರಿ: ಅಯ್ಯೋ ದೇವ್ರೇ.

ರೇಣುಕಾಪ್ರಸಾದ್: ಅವ್ರೂ ಅದೇ ಅಂದ್ರು. 'ಇದ್ರಲ್ಲಿ ಜನ ಓಡಾಡ್ತಾರೇನ್ರೀ?' ಅಂದ್ರು. 'ನಮ್ಮ ಷಡ್ಡಕ ಸಾರ್, ಬ್ಯಾಂಕ್ ಮ್ಯಾನೇಜರು, ಕಾರು ಹಾಗಲವಾಡೀಲಿ ಬಿಟ್ಟು ಇದೇ ದಾರೀಲಿ ಸೈಕಲ್ ತುಳ್ಕಂಡು ನಮ್ಮನೆಗೆ ಬರ್ತಾನೆ' ಅಂದೆ. ಬಾಳ ನೊಂದ್ಕಂಡ್ರು.

ಷಡಕ್ಷರಿ: ನೊಂದ್ಕೊಳ್ಳೋದೇನಿತ್ತು? ಪ್ರತಿಯೊಂದು ಫೋಟೋ ಕೆಳಗೂ ನಾನು 'ಅದ್ಭುತ ರಸ್ತೆ' ಅಂತ ಬರ್ದಿದ್ದೆ!

ರೇಣುಕಾಪ್ರಸಾದ್: ಅದನ್ನೂ ತೋರಿಸ್ದೆ. 'ಹೊಟ್ಟೆ ಉರ್ಕಂಡು ಬರ್ದವ್ನೆ ಸಾರ್' ಅಂದೆ. ಅಲ್ಲೇ ಸೈನ್ ಹಾಕುದ್ರು.

ಮಾಡಿದ್ದುಣ್ಣೋ ಮಹರಾಯ ಎಂಬ ಮಾತನ್ನು ಷಡಕ್ಷರಿ ಬ್ಯಾಂಕಿನಲ್ಲಿ ಬೇರೆಯವರಿಗೆ ಹೇಳುತ್ತಿದ್ದ. ತನಗೆ ತಾನೇ ಹೇಳಿಕೊಳ್ಳುವ ಸಂದರ್ಭ ಇಷ್ಟು ಬೇಗ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಷಡಕ್ಷರಿ: ಅಣ್ಣ, ಸಮಾಧಾನವಾಗಿ ಕೇಳಿ. ನನಗೆ ಈ ರಸ್ತೆ ಹೀಗೇ ಬೇಕು.

ರೇಣುಕಾಪ್ರಸಾದ್: ಹೀಗೇ ಅಂದ್ರೆ?

ಷಡಕ್ಷರಿ: ಈಗ ಹೇಗಿದೆಯೋ ಹಾಗೇ.

ರೇಣುಕಾಪ್ರಸಾದ್: ಈಗ ಕೆಟ್ಟೋಗೈತೆ.

ಷಡಕ್ಷರಿ: ಆ ಕೆಟ್ಟಿರೋದೇ ಬೇಕು.

ರೇಣುಕಾಪ್ರಸಾದ್ ಅವನ ಮುಖ ನೋಡಿದರು. ಆಮೇಲೆ ಬಿಸಿಲು ನೋಡಿದರು. ತಲೆಗೆ ಹತ್ತುವಷ್ಟು ಬಿಸಿಲು ಇನ್ನೂ ಏರಿರಲಿಲ್ಲ.

ರೇಣುಕಾಪ್ರಸಾದ್: ಗೊತ್ತಾಯ್ತು ಬುಡು. ಟಾರು ಬ್ಯಾಡ, ಸಿಮೆಂಟ್ ರಸ್ತೆನೇ ಆಗ್ಲಿ ಅಂತ ನಿನ್ನಾಸೆ. ಒಳ್ಳೇದೇ. ಆದ್ರೆ ಇಷ್ಟಕ್ಕೇ ನಮ್ಗೆ ಸಾಕಾಗೋಗೈತೆ.

ಷಡಕ್ಷರಿ: ಸಿಮೆಂಟೂ ಬೇಡ!

ರೇಣುಕಾಪ್ರಸಾದ್: ಕಂಟ್ರಾಕ್ಟರ್ ಮೇಲೆ ಅನುಮಾನನಾ? ಕುಣಿಗಲ್ ಸೋಮಶೇಖರ್ ಕಣಪ್ಪ, ಒಳ್ಳೆ ಮನುಷ್ಯ. ಇವತ್ತು ಜಲ್ಲಿ, ರೋಲರ್, ಸೋಮವಾರ ಟಾರು. ಹೇಳಿದ ದಿನಕ್ಕೆ ಬರೋ ಕಂಟ್ರಾಕ್ಟರ್‌ನ ಈ ಸೀಮೇಲಿ ನಾನು ಇವನೊಬ್ಬನ್ನೇ ನೋಡಿರೋದು.

ಷಡಕ್ಷರಿ: ಕಂಟ್ರಾಕ್ಟರು ದೇವರಂಥೋನೇ ಇರ್ಲಿ ಅಣ್ಣ. ಮಾತು ಅದಲ್ಲ.

ರೇಣುಕಾಪ್ರಸಾದ್: ಹಂಗಾದ್ರೆ ಗುದ್ದಲಿ ಪೂಜೆಗೆ ನಿನ್ನ ಕರೀಲಿಲ್ಲ ಅಂತ ಬೇಜಾರು. ಅದೇ! ನಿಮ್ಮತ್ತಿಗೆ ಬಡ್ಕಂಡ್ಲು, 'ಷಡಕ್ಷರಿಯೋರ ಕೈಲೇ ಗುದ್ದಲಿ ಹಾಕುಸ್ರಿ' ಅಂತ. ಒಳ್ಳೆ ಟೈಮು ಮೀರಿ ಹೋಗ್ತಿತ್ತು, ಅವಸರಕ್ಕೆ ನಾವೇ ಮುಗಿಸ್ಬುಟ್ವಿ. ತಪ್ಪಾಯ್ತಪ್ಪ. ಬೇಕಾದ್ರೆ ಈಗ ಇನ್ನೊಂದ್ಸಲ ಹಾಕುವಂತೆ, ಗುದ್ದಲಿ ತರುಸ್ತೀನಿ.

ಷಡಕ್ಷರಿ: ಗುದ್ದಲಿ ಬೇಡ! ಟಾರು ನಮ್ಮೂರಲ್ಲೇ ಬೇಕಾದಷ್ಟಿದೆ ಅಣ್ಣ. ಶಿರಾ ಗೇಟಲ್ಲಿ ಬಿಟ್ಟರೆ ಯಾವ ದಿಕ್ಕಿಗೆ ಹೋದ್ರೂ ಟಾರು. ಬಿದರೆಹಳ್ಳಿ ಕಾವಲ್ ಕಡೆ ಹೋದೆ, ಟಾರು. ಕುಣಿಗಲ್ ಕಡೆ ಹೋದೆ, ತೋಟದ ಬಾಗಿಲವರೆಗೂ ಸಿಮೆಂಟು. ಎಷ್ಟು ಭಾನುವಾರ ಅಲೆದಿದೀನಿ ಗೊತ್ತಾ? ನನ್ನ ಕಣ್ಣಿಗೆ ಬಿದ್ದ ಒಂದೇ ಒಂದು ಒಳ್ಳೆ ಕೆಟ್ಟ ರಸ್ತೆ ಇದು.

ರೇಣುಕಾಪ್ರಸಾದ್: ಒಳ್ಳೆ ಕೆಟ್ಟ ರಸ್ತೆ.

ಷಡಕ್ಷರಿ: ಹೂಂ. ಆ ಗುಡ್ಡದಿಂದ ಊರ ಕಡೆ ಇಳೀವಾಗ ಎಡಗಡೆ ಒಂದು ಕೊರಕಲು ಇದೆಯಲ್ಲ? ಮಧ್ಯದಲ್ಲಿ ಬಂಡೆ, ಆ ಕಡೆ ಮರಳು, ಈ ಕಡೆ ಗುಂಡುಗಲ್ಲು. ಅದರಲ್ಲಿ ಇಳೀವಾಗ ನನ್ನ ಕಣ್ಣಲ್ಲಿ ನೀರು ಬರುತ್ತೆ.

ರೇಣುಕಾಪ್ರಸಾದ್: ನಮ್ಗೂ ಬರ್ತದೆ.

ಷಡಕ್ಷರಿ: ಅಂಥದ್ದನ್ನ ಮುಚ್ಚಿಹಾಕ್ತೀರಾ?

ರೇಣುಕಾಪ್ರಸಾದ್: ನಡಿ ಮನೆಗೆ. ಹಸ್ದ ಹೊಟ್ಟೇಲಿ ಮಾತಾಡಿದ್ರೆ ಹಿಂಗೇ ಆಗೋದು. ಚೌಡಪ್ಪಾ, ಒಂದ್ ಗಳಿಗೆ ಆಫ್ ಮಾಡ್ಕಳಯ್ಯ.

ಮಣ್ಣುಗುಡ್ಡೆ ದಾಟಲು ಷಡಕ್ಷರಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡ. ತನ್ನನ್ನು ಹೊರಬೇಕಾದ ಸೈಕಲ್ಲನ್ನು ತಾನೇ ಹೊತ್ತು ನಡೆಯುವ ಷಡ್ಡಕನನ್ನು ಊರವರು ನೋಡದಿರಲಿ ಎಂದು ರೇಣುಕಾಪ್ರಸಾದ್ ನಾಲ್ಕು ಹೆಜ್ಜೆ ಮುಂದೆ ನಡೆದರು.

ಜಗಲಿಯ ಮೇಲೆ ಕೂರುವಷ್ಟರಲ್ಲಿ ತಟ್ಟೆ ಬಂತು. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೇಲೊಂದು ಬೆಣ್ಣೆ ಉಂಡೆ, ಪಕ್ಕದಲ್ಲಿ ಇನ್ನೊಂದು ಬಟ್ಟಲು ಬೆಣ್ಣೆ. ಸೈಕಲ್ ತುಳಿಯುವ ದಿನ ಬೆಣ್ಣೆ ಮುಟ್ಟಬಾರದೆಂದು ಬಳಗದ ನಿಯಮ. ಶಿವರುದ್ರಮ್ಮನವರ ಮನೆಯಲ್ಲಿ ಆ ನಿಯಮ ನಡೆಯುತ್ತಿರಲಿಲ್ಲ.

ಶಿವರುದ್ರಮ್ಮ: ನಿಧಾನಕ್ಕೆ ತಿನ್ನಿ ಷಡಕ್ಷರಿಯೋರೆ. ಅನುಪಮಾ ಚೆನ್ನಾಗವ್ಳಾ? ಏನದು ಅಲ್ಲಿ ಗಲಾಟೆ, ಇಲ್ಲಿಗೇ ಕೇಳುಸ್ತಿತ್ತು?

ರೇಣುಕಾಪ್ರಸಾದ್: ರಸ್ತೆ ಬ್ಯಾಡ್ವಂತೆ ಇವ್ನಿಗೆ. ಕಲ್ಲು ಬೇಕಂತೆ, ಗುಂಡಿ ಬೇಕಂತೆ, ಆ ಎಡಗಡೆ ಕೊರಕಲು ಬಾಳ ಚೆನ್ನಾಗೈತಂತೆ. ಏದುಸಿರು ಬರ್ಬೇಕಂತೆ, ಮೈಕೈ ನೋಯ್ಬೇಕಂತೆ.

ಶಿವರುದ್ರಮ್ಮ: ಒಬ್ರಿಗೇನಾ?

ಷಡಕ್ಷರಿ: ಇಲ್ಲ ಅತ್ತಿಗೆ, ನಾಳೆ ನಲವತ್ತು ಜನ ಬರ್ತಿದೀವಿ. ಸೂರ್ಯ ಹುಟ್ಟೋ ಮುಂಚೇನೇ ಹೊರಡೋದು.

ಶಿವರುದ್ರಮ್ಮ: ತಿಂಡಿ ತಿಂದ್ಕಂಡಾ?

ಷಡಕ್ಷರಿ: ತಿನ್ನಲ್ಲ. ಒಂದು ಬಾಳೆಹಣ್ಣು, ಎರಡು ಖರ್ಜೂರ. ಮುಗಿಯೋವರೆಗೂ ಅಷ್ಟೇ.

ಶಿವರುದ್ರಮ್ಮ: ಬಟ್ಟೆ? ಹಿಂಗೇ?

ಷಡಕ್ಷರಿ: ಹೂಂ, ಇದೇ. ಎಲ್ಲರಿಗೂ ಒಂದೇ ಥರದ್ದು ಹೊಲಿಸಿದಾರೆ. ಕೇಸರಿ ಬಣ್ಣ.

ಶಿವರುದ್ರಮ್ಮ: ಹೆಂಗಸ್ರು?

ಷಡಕ್ಷರಿ: ಅನುಪಮಾ ಬರಲ್ಲ. 'ನಿಮ್ಮದು ನೀವು ಮಾಡ್ಕೊಳ್ಳಿ, ನನ್ನ ಕೇಳಬೇಡಿ' ಅಂದಿದಾಳೆ.

ಶಿವರುದ್ರಮ್ಮ ರೊಟ್ಟಿ ಬಡಿಸುವ ಕೈಯನ್ನು ಅಲ್ಲಿಗೇ ನಿಲ್ಲಿಸಿದರು. ಗಂಡನ ಕಡೆ ಕಣ್ಣು ಮಾಡಿದರು. ಇಬ್ಬರೂ ಒಳಗೆ ಹೋದರು. ಹಳ್ಳಿ ಮನೆಯ ಗುಟ್ಟಿನ ಮಾತು ಜಗಲಿಗೆ ಕೇಳುವ ಹಾಗೆಯೇ ಇರುತ್ತದೆ.

ಶಿವರುದ್ರಮ್ಮ: ಅಷ್ಟೂ ಗೊತ್ತಾಗಲ್ವೇನ್ರೀ ನಿಮ್ಗೆ? ಹರಕೆ ಕಣ್ರೀ ಅದು!

ರೇಣುಕಾಪ್ರಸಾದ್: ಹರಕೆನಾ?

ಶಿವರುದ್ರಮ್ಮ: ಮತ್ತಿನ್ನೇನು? ಖಾಲಿ ಹೊಟ್ಟೆ, ಕಾವಿ ಬಟ್ಟೆ, ಕಲ್ಲುಮುಳ್ಳಿನ ದಾರಿ. ಬರಿಗಾಲಲ್ಲಿ ಬೆಟ್ಟ ಹತ್ತೋರು ಮೆಟ್ಲಿಗೆ ಹಾಸಿಗೆ ಹಾಸಿ ಅಂತಾರಾ? ಕಷ್ಟ ಪಟ್ರೇ ತಾನೇ ಅದು ಸಲ್ಲೋದು? ನೀವು ಹೋಗಿ ಟಾರು ಬಳೀತೀನಿ ಅಂತ ನಿಂತಿದೀರಿ.

ರೇಣುಕಾಪ್ರಸಾದ್: ಅದನ್ನ ಬಾಯ್ಬಿಟ್ಟು ಹೇಳ್ಬೋದಲ್ಲ?

ಶಿವರುದ್ರಮ್ಮ: ಹರಕೆನ ಹೇಳ್ಬಾರ್ದು, ಬೇರೆಯೋರು ಕೇಳ್ಬಾರ್ದು. ಹೇಳುದ್ರೆ ಫಲ ಹೋಯ್ತದೆ. ಅದಕ್ಕೇ ಪಾಪ, ಕೊರಕಲು ಚೆನ್ನಾಗೈತೆ ಅಂತ ಏನೇನೋ ಹೇಳ್ಕಂಡು ಒದ್ದಾಡ್ತಾವ್ರೆ.

ರೇಣುಕಾಪ್ರಸಾದ್: ನಲವತ್ತು ಜನಕ್ಕೂ ಒಂದೇ ಹರಕೆನಾ?

ಶಿವರುದ್ರಮ್ಮ: ಬ್ಯಾಂಕಿಂದು ಏನೋ ಇರ್ಬೇಕು. ನಮ್ಗ್ಯಾಕೆ.

ಅಲ್ಲ ಅತ್ತಿಗೆ, ಹರಕೆ ಗಿರಕೆ ಏನೂ ಇಲ್ಲ ಎಂದು ಷಡಕ್ಷರಿ ಒಂದು ಮಾತು ಕೂಗಿದ್ದರೆ ಮುಗಿಯುತ್ತಿತ್ತು. ಆದರೆ ಬಾಯಲ್ಲಿ ರೊಟ್ಟಿ ಇತ್ತು. ರೊಟ್ಟಿ ನುಂಗಿಯಾಯಿತು, ಆಗಲೂ ಅವನು ಕೂಗಲಿಲ್ಲ. ಬಿಸಿ ತುಪ್ಪದ ಹಾಗೆ ಸುಳ್ಳು ಬಾಯಲ್ಲಿ ಉಳಿಯಿತು. ಸುಳ್ಳು ತಾನು ಹೇಳಿದ್ದಲ್ಲವಲ್ಲ, ಸುಮ್ಮನೆ ಕೂತಿದ್ದೇನೆ ಅಷ್ಟೇ ಎಂದು ಸಮಾಧಾನ ಮಾಡಿಕೊಂಡು ಇನ್ನೊಂದು ತುತ್ತು ಮುರಿದ.

ಹೊರಗೆ ಬಂದ ರೇಣುಕಾಪ್ರಸಾದ್ ಹೆಗಲ ಮೇಲಿನ ಟವಲನ್ನು ಸರಿಮಾಡಿಕೊಂಡು, ಸ್ವಲ್ಪ ದೂರ ಬಿಟ್ಟು ಕೂತರು.

ರೇಣುಕಾಪ್ರಸಾದ್: ನಾನೇನೂ ಕೇಳಲ್ಲ ಕಣಪ್ಪ. ನೀನೂ ಏನೂ ಹೇಳ್ಬ್ಯಾಡ. ನಿಲ್ಸುಸ್ತೀನಿ.

ಷಡಕ್ಷರಿ: ಥ್ಯಾಂಕ್ಸ್ ಅಣ್ಣ.

ರೇಣುಕಾಪ್ರಸಾದ್: ಹೇಳ್ಬ್ಯಾಡ ಅಂದ್ನಲ್ಲ.

ಅವರು ಅಲ್ಲಿಂದಲೇ ಕಂಟ್ರಾಕ್ಟರಿಗೆ ಫೋನು ಮಾಡಿದರು.

ರೇಣುಕಾಪ್ರಸಾದ್: ಸೋಮಣ್ಣಾ, ಇವತ್ತು ಬ್ಯಾಡ... ಇಲ್ಲ ಇಲ್ಲ, ಜಮೀನು ತಕರಾರು ಅಲ್ಲ. ದೇವರ ವಿಚಾರ... ಯಾವ ದೇವ್ರು ಅಂತ ನಂಗೂ ಗೊತ್ತಿಲ್ಲ, ಕೇಳಂಗಿಲ್ಲ... ಹೂಂ... ಹೌದಾ... ಅಷ್ಟು ದಿನಾನಾ... ಆಗ್ಲಿ ಬುಡು. ಚೌಡಪ್ಪಂಗೆ ಹೇಳ್ಬುಡು.

ಷಡಕ್ಷರಿ: ಏನಂತೆ? ಸೋಮವಾರ ಮಾಡ್ತಾರಂತಾ?

ರೇಣುಕಾಪ್ರಸಾದ್: ರೋಲರ್ ಸುಮ್ನೆ ನಿಲ್ಸ್ಕಂಡು ಕೂರಕ್ಕಾಗಲ್ವಂತೆ. ಹಾಗಲವಾಡೀಲಿ ಲಾರಿ ನಿಂತೈತೆ, ಹತ್ತುಸ್ಕಂಡು ಕುಣಿಗಲ್ ಕೆಲ್ಸಕ್ಕೆ ಹೋಯ್ತಾರಂತೆ. ಇನ್ನು ಮಳೆಗಾಲ ಕಳುದ್ಮೇಲೇನೆ.

ಮಣ್ಣುಗುಡ್ಡೆಯ ಆಚೆ ರೋಲರ್ ಮತ್ತೆ ಗುಡುಗಿತು. ಸದ್ದು ನಿಧಾನವಾಗಿ ಗುಡ್ಡದ ಕಡೆಗೆ ಸರಿಯಿತು. ಷಡಕ್ಷರಿ ಗೆದ್ದಿದ್ದ. ಗೆದ್ದವನಿಗೆ ಆಗಬೇಕಾದ ಖುಷಿ ಆಗುತ್ತಿದೆಯೇ ಎಂದು ಒಳಗೇ ನೋಡಿಕೊಂಡ. ಅರ್ಧಂಬರ್ಧ ಆಗುತ್ತಿತ್ತು.

ಷಡಕ್ಷರಿ: ಮಳೆಗಾಲ ಪೂರ್ತಿ ನಿಮಗೆ ತೊಂದ್ರೆ ಆಗಲ್ವಾ ಅತ್ತಿಗೆ?

ಶಿವರುದ್ರಮ್ಮ: ಏನ್ ತೊಂದ್ರೆ? ಗ್ಯಾಸಿನ ಗಾಡಿ ಹಾಗಲವಾಡಿಗೇ ನಿಲ್ತದೆ, ಅಷ್ಟೇ. ಸಿಲಿಂಡ್ರನ್ನ ಇವ್ರು ಬೈಕಿಗೆ ಕಟ್ಕಂಡು ಬರ್ತಾರೆ. ಹೋದ ಮಳೇಲಿ ನೀವು ಹೇಳ್ತಿದ್ರಲ್ಲ, ಎಡಗಡೆ ಕೊರಕಲು, ಅಲ್ಲೇ ಜಾರುದ್ರು. ಇವ್ರೊಂದು ಕಡೆ, ಬೈಕೊಂದು ಕಡೆ. ಸಿಲಿಂಡ್ರು ಇವ್ರಿಗಿಂತ ಮೊದ್ಲು ಊರು ಸೇರ್ತು.

ರೇಣುಕಾಪ್ರಸಾದ್: ಬಾಗಿಲ ಮುಂದೆನೇ ನಿಂತಿತ್ತು. ಅದರ ಪಾಡಿಗದು.

ಶಿವರುದ್ರಮ್ಮ: ಇವ್ರನ್ನ ಎತ್ತಿನಗಾಡೀಲಿ ಹಾಕ್ಕಂಡು ಹಾಗಲವಾಡಿಗೆ ಹೋಗೋಷ್ಟರಲ್ಲಿ ಮಧ್ಯಾಹ್ನ ಆಯ್ತು. ಆಟೋದೋರು ಗುಡ್ಡ ನೋಡಿ ಬರಕ್ಕಿಲ್ಲ ಅಂದ್ರು. ನಾನಂತೂ ಅವತ್ತು ಬಾಳ ಹೆದರ್ಕಂಡಿದ್ದೆ. ಇರ್ಲಿ ಬುಡಿ. ದೇವರ ಕೆಲ್ಸ ಅಂದ್ಮೇಲೆ ಇನ್ನೊಂದು ಮಳೆಗಾಲ ಯಾವ ಲೆಕ್ಕ? ಇನ್ನೊಂದು ರೊಟ್ಟಿ ಹಾಕ್ಲಾ?

ಷಡಕ್ಷರಿ ಬೇಡವೆಂದು ತಲೆಯಾಡಿಸಿದ. ಅವನಿಗೆ ನಾಚಿಕೆಯಾಯಿತು. ಎಷ್ಟು ನಾಚಿಕೆಯಾಯಿತೆಂದರೆ, ಎದ್ದು ನಿಂತು ಎಲ್ಲ ಹೇಳಿಬಿಡೋಣ ಅನ್ನಿಸಿತು. ಹಾಗೆಯೇ ನಾಳೆ ತನ್ನ ಹಿಂದೆ ಬರುವ ನಲವತ್ತು ಕೇಸರಿ ಅಂಗಿಗಳೂ ಕಣ್ಣ ಮುಂದೆ ಬಂದವು. ಹೇಳುವುದೋ ಬಿಡುವುದೋ ಎಂದು ತೂಗುತ್ತಿರುವಾಗ ಅವನ ಫೋನು ಹೊಡೆದುಕೊಂಡಿತು. ಬಳಗದ ಮುಖಂಡ, ತುಮಕೂರಿನ ಹಲ್ಲಿನ ಡಾಕ್ಟರು ಸಿದ್ದಾರ್ಥ. ಷಡಕ್ಷರಿಯ ಕೈಯೆಲ್ಲ ಬೆಣ್ಣೆ. ಶಿವರುದ್ರಮ್ಮನವರೇ ಹಸಿರು ಗುಂಡಿ ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ತಟ್ಟೆಯ ಪಕ್ಕಕ್ಕಿಟ್ಟರು.

ಸಿದ್ದಾರ್ಥ: ಅಂಕಲ್, ನಾಳೆ ರೂಟ್ ಚೇಂಜ್ ಆಗಿದೆ.

ಷಡಕ್ಷರಿ: ಚೇಂಜಾ? ಯಾಕೆ?

ಸಿದ್ದಾರ್ಥ: ನೀವು ನಮ್ಮ ಗ್ರೂಪಿಗೂ ಹಾಕಿದ್ರಲ್ಲ, ಆ ಫೋಟೋಸ್ ನೋಡಿ ಎಲ್ಲರೂ ಹೆದರ್ಕೊಂಡಿದಾರೆ ಅಂಕಲ್. ಆ ಎಡಗಡೆ ಕೊರಕಲಲ್ಲಿ ಯಾರಾದ್ರೂ ಕೈಕಾಲು ಮುರ್ಕೊಂಡ್ರೆ? ಆಂಬುಲೆನ್ಸ್ ಬರುತ್ತಾ ಅಲ್ಲಿಗೆ?

ಷಡಕ್ಷರಿ: ಆಂಬುಲೆನ್ಸ್... ಬರಲ್ಲ.

ಸಿದ್ದಾರ್ಥ: ಮತ್ತೆ? ಅದಕ್ಕೇ ಶಿರಾ ಗೇಟಲ್ಲಿ ಸೇರೋಣ, ಹೈವೇಲಿ ಗುಬ್ಬಿ, ಅಲ್ಲಿ ತಟ್ಟೆ ಇಡ್ಲಿ, ವಾಪಸ್.

ಷಡಕ್ಷರಿ: ಗ್ರಾವೆಲ್ ಸೈಕಲ್ ಇಟ್ಕೊಂಡು ಹೈವೇಲಾ? ಡಾಕ್ಟ್ರೇ, ಅದಕ್ಕೇನು ಅರ್ಥ?

ಸಿದ್ದಾರ್ಥ: ರೋಡ್ ಚೆನ್ನಾಗಿದೆಯಲ್ಲ ಅಂಕಲ್. ರೋಡೇ ಸರಿಯಿಲ್ದಿರೋ ಊರಿಗೆ ಯಾರು ಬರ್ತಾರೆ ಹೇಳಿ?

ಫೋನು ಕಟ್ಟಾಯಿತು.

ಶಿವರುದ್ರಮ್ಮ: ಅಯ್ಯೋ ಶಿವನೇ! ಹರಕೆ ಹೊತ್ಕಂಡು ಇಡ್ಲಿ ತಿನ್ನಕ್ಕೆ ಹೋಯ್ತಾರಂತಾ? ಆ ಹುಡ್ಗಂಗೆ ಬುದ್ಧಿ ಹೇಳಿ ಷಡಕ್ಷರಿಯೋರೆ. ತಪ್ಪಿಸ್ಬಾರ್ದು. ಮನೆಗೆ ಒಳ್ಳೇದಾಗಲ್ಲ.

ಷಡಕ್ಷರಿ: ಅತ್ತಿಗೆ, ಹರಕೆ ಇಲ್ಲ.

ಶಿವರುದ್ರಮ್ಮ: ಶ್! ಹೇಳ್ಬಾರ್ದು!

ಷಡಕ್ಷರಿ: ಹೇಳೋಕೆ ಏನೂ ಇಲ್ಲ ಅತ್ತಿಗೆ. ಹರಕೆನೇ ಇಲ್ಲ. ಸುಮ್ನೆ, ಖುಷಿಗೆ.

ರೇಣುಕಾಪ್ರಸಾದ್: ಖುಷಿಗೆ?

ಷಡಕ್ಷರಿ: ಖುಷಿಗೆ.

ರೇಣುಕಾಪ್ರಸಾದ್: ಆ ಕೊರಕಲಲ್ಲಿ?

ಷಡಕ್ಷರಿ: ಹೂಂ.

ಶಿವರುದ್ರಮ್ಮ: ನಾವು ಒಳಗೆ ಮಾತಾಡಿದ್ದು ನಿಮ್ಗೆ ಕೇಳಿಸ್ತಾ?

ಷಡಕ್ಷರಿ: ಕೇಳಿಸ್ತು.

ಶಿವರುದ್ರಮ್ಮ: ಮತ್ಯಾಕೆ ಸುಮ್ನಿದ್ರಿ?

ಷಡಕ್ಷರಿ: ಬಾಯಲ್ಲಿ ರೊಟ್ಟಿ ಇತ್ತು.

ಶಿವರುದ್ರಮ್ಮ ಬೈಯಲಿಲ್ಲ. ಅವನ ಮುಂದಿದ್ದ ಬೆಣ್ಣೆ ಬಟ್ಟಲನ್ನು ಎತ್ತಿಕೊಂಡು ಹೋಗಿ ಒಳಗಿಟ್ಟು ಬಂದರು. ಮದುವೆಯಾದ ದಿನದಿಂದ ಆ ಮನೆಯಲ್ಲಿ ಷಡಕ್ಷರಿಯ ಮುಂದಿನ ಬೆಣ್ಣೆಯನ್ನು ಯಾರೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಅವನು ಎದ್ದು ಕೈ ತೊಳೆದುಕೊಂಡ.

ಷಡಕ್ಷರಿ: ಫೋನ್ ಮಾಡಿ ಅಣ್ಣ. ವಾಪಸ್ ಕರ್ಸಿ.

ರೇಣುಕಾಪ್ರಸಾದ್ ಮಾಡಿದರು. ಸೋಮಶೇಖರ್ ಕುಣಿಗಲ್ಲಿನಿಂದ ಒಂದಷ್ಟು ಬೈದು ಆಮೇಲೆ ಒಪ್ಪಿದರು: ರೋಲರ್ ಇನ್ನೂ ದಾರಿಯಲ್ಲಿದ್ದರೆ ತಿರುಗಿಸಿಕೊಳ್ಳಿ, ಲಾರಿ ಹತ್ತಿದ್ದರೆ ನನ್ನನ್ನು ಕೇಳಬೇಡಿ. ಚೌಡಪ್ಪನಿಗೆ ಮಾಡಿದರು. ಫೋನು ಹೊಡೆದುಕೊಂಡಿತು, ಹೊಡೆದುಕೊಂಡಿತು, ನಿಂತಿತು.

ರೇಣುಕಾಪ್ರಸಾದ್: ಆ ಸದ್ದಲ್ಲಿ ಅವನ ತಲೆ ಮೇಲೆ ಸಿಡ್ಲು ಹೊಡುದ್ರೂ ಕೇಳಕಿಲ್ಲ. ನಾನೇ ಹೋಗಣ ಅಂದ್ರೆ ಬೈಕು ಆ ಮಣ್ಣುಗುಡ್ಡೆ ದಾಟಲ್ಲ.

ಷಡಕ್ಷರಿ: ನಾನು ದಾಟ್ತೀನಿ.

ರೇಣುಕಾಪ್ರಸಾದ್: ಎಲ್ಲಿಗೆ ಹೊಂಟೆ?

ಷಡಕ್ಷರಿ: ರೋಲರ್ ಹಿಡಿಯೋಕೆ.

ಅವನು ಹೆಲ್ಮೆಟ್ಟು ಸಿಕ್ಕಿಸಿಕೊಂಡು, ಸೈಕಲ್ಲು ಹೊತ್ತು ಗುಡ್ಡೆ ದಾಟಿ, ಆಚೆಗೆ ಹಾರಿ ಕೂತ. ಎರಡು ರೊಟ್ಟಿ, ಉಂಡೆ ಬೆಣ್ಣೆ ಹೊಟ್ಟೆಯಲ್ಲಿದ್ದವು. ಎಡಗಡೆ ಕೊರಕಲನ್ನು ಅವನು ಖುಷಿಗೆ ಇಳಿದಿದ್ದ, ಖುಷಿಗೆ ಹತ್ತಿದ್ದ. ಅವಸರಕ್ಕೆ ಹತ್ತಿರಲಿಲ್ಲ. ಮರಳಿನಲ್ಲಿ ಟೈರು ಹೂತಿತು. ಗುಂಡುಗಲ್ಲು ಜಾರಿತು. ಬಂಡೆಯ ಹತ್ತಿರ ಮಗ್ಗುಲಾಗಿ ಬಿದ್ದ, ಎದ್ದ. ಯಾರಪ್ಪಾ ಈ ರಸ್ತೆಯನ್ನು ಹೀಗೆ ಬಿಟ್ಟವರು ಎಂದು ಜೋರಾಗಿ ಬೈದ. ಬೈದ ಮೇಲೆ ಯಾರಾದರೂ ಕೇಳಿಸಿಕೊಂಡರೋ ಎಂದು ಸುತ್ತ ನೋಡಿದ. ಹುಲ್ಲಿನಲ್ಲಿ ಗಾಳಿ ಮಾತ್ರ ಇತ್ತು.

ಎರಡನೆಯ ಗುಡ್ಡದ ನೆತ್ತಿಗೆ ಬಂದಾಗ ಕೆಳಗೆ ಹಾಗಲವಾಡಿಯ ಡಾಂಬರು ಕಂಡಿತು. ಲಾರಿ ನಿಂತಿತ್ತು. ಹಿಂದಿನ ಬಾಗಿಲು ಬಿಚ್ಚಿ ಹಲಗೆ ಇಳಿಬಿಟ್ಟಿದ್ದರು. ಹಲಗೆಯಿಂದ ಒಂದು ಕೂಗಳತೆ ದೂರದಲ್ಲಿ ರೋಲರ್ ಹೋಗುತ್ತಿತ್ತು. ಷಡಕ್ಷರಿ ಬ್ರೇಕು ಮುಟ್ಟದೆ ಇಳಿದ. ಬಳಗದ ಸವಾರಿಗಳಲ್ಲಿ ಯಾವಾಗಲೂ ಕೊನೆಯವನಾಗಿ ಬರುವ ಮನುಷ್ಯ ಅವನು; ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ವಾಹನವನ್ನು ಹಿಂದೆ ಹಾಕಿ, ಅದರ ಮುಂದೆ ಸೈಕಲ್ಲು ಅಡ್ಡ ಹಾಕಿ ನಿಂತ.

ಚೌಡಪ್ಪ: ಏನ್ ಸಾಮಿ, ಮತ್ತೆ ನೀವೇನಾ?

ಷಡಕ್ಷರಿ: ತಿರುಗ್ಸು ಚೌಡಪ್ಪ. ರಸ್ತೆ ಮಾಡ್ಬೇಕು.

ಚೌಡಪ್ಪ: ಬೆಳಗ್ಗೆ ಮಾಡ್ಬ್ಯಾಡ ಅಂತ ಅಡ್ಡ ನಿಂತೋರು ಯಾರು?

ಷಡಕ್ಷರಿ: ನಾನೇ.

ಚೌಡಪ್ಪ: ಈಗ ಮಾಡು ಅಂತ ಅಡ್ಡ ನಿಂತಿರೋರು?

ಷಡಕ್ಷರಿ: ನಾನೇ.

ಚೌಡಪ್ಪ: ಒಟ್ನಲ್ಲಿ ಅಡ್ಡ ನಿಲ್ಲೋದು ಬುಡಕಿಲ್ಲ ನೀವು. ಹತ್ಕಳಿ ಮೇಲಕ್ಕೆ. ಕಾಲು ನಡುಗ್ತಾವೆ ನೋಡಿ.

ಸೈಕಲ್ಲನ್ನು ಸೀಟಿನ ಹಿಂದೆ ಹಗ್ಗದಲ್ಲಿ ಕಟ್ಟಿದರು. ಬ್ಯಾಂಕ್ ಮ್ಯಾನೇಜರು ಕೇಸರಿ ಅಂಗಿ, ಬಿಗಿ ಚಡ್ಡಿಯಲ್ಲಿ ರೋಲರ್ ಮೇಲೆ ಕೂತು ಕಾವಲು ದಾಟಿ ಬರುವುದನ್ನು ಕಣಿವೆಪಾಳ್ಯದವರೆಲ್ಲ ಮಣ್ಣುಗುಡ್ಡೆ ಹತ್ತಿ ನಿಂತು ನೋಡಿದರು. ನಗಬೇಕೋ ಕೈ ಮುಗಿಯಬೇಕೋ ತಿಳಿಯದೆ ಕೆಲವರು ಎರಡನ್ನೂ ಮಾಡಿದರು.

ಮಧ್ಯಾಹ್ನದ ಹೊತ್ತಿಗೆ ಆಳುಗಳು ಎಡಗಡೆ ಕೊರಕಲಿಗೆ ಜಲ್ಲಿ ತುಂಬಿದರು. ಎಲ್ಲಿ ಆಳ ಹೆಚ್ಚು, ಎಲ್ಲಿ ಮರಳು ಕುಸಿಯುತ್ತದೆ ಎಂದು ಷಡಕ್ಷರಿಯೇ ಮುಂದೆ ನಿಂತು ತೋರಿಸಿದ. ಅವನಷ್ಟು ಪ್ರೀತಿಯಿಂದ ಆ ಗುಂಡಿಗಳನ್ನು ನೋಡಿದವರು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ಶಿವರುದ್ರಮ್ಮ ದೂರದಿಂದಲೇ ಒಂದು ಚೊಂಬು ಮಜ್ಜಿಗೆ ಕಳಿಸಿದರು. ಮಾತು ಕಳಿಸಲಿಲ್ಲ. ರೋಲರ್ ಕೊರಕಲಿನ ಮೇಲೆ ಹತ್ತಿ, ಇಳಿದು, ಮತ್ತೆ ಹತ್ತಿತು. ನೋಡುತ್ತ ನೋಡುತ್ತ ಬಂಡೆ ಮರೆಯಾಯಿತು. ಷಡಕ್ಷರಿಗೆ ಅಳು ಬಂತು. ಯಾರೂ ನೋಡದ ಹಾಗೆ ಹೆಲ್ಮೆಟ್ಟು ಮುಂದಕ್ಕೆ ಎಳೆದುಕೊಂಡ.

ಚೌಡಪ್ಪ: ಬೇಜಾರಾ ಸಾ?

ಷಡಕ್ಷರಿ: ಸ್ವಲ್ಪ. ತುಂಬಾ ಒಳ್ಳೆ ರಸ್ತೆ ಆಗಿತ್ತು ಚೌಡಪ್ಪ.

ಚೌಡಪ್ಪ: ಮೆಂಬರು ಎಲ್ಲಾ ಹೇಳುದ್ರು. ನೀವು ಬಂದು ನೋಡುದ್ರಂತೆ, ನಿಮ್ಗೆ ಹಿಡುಸ್ತಂತೆ, ಫೋಟೋ ತೆಗುದ್ರಂತೆ. ತಿಂಗ್ಳೊಳಗೆ ರೋಲರ್ ಬಂತು. ಹೌದಾ?

ಷಡಕ್ಷರಿ: ಆಗಿದ್ದು ಅಷ್ಟೇ.

ಚೌಡಪ್ಪ ರೋಲರ್ ಆಫ್ ಮಾಡಿದ. ಕೆಳಗಿಳಿದು, ಟವಲಿನಿಂದ ಮುಖ ಒರೆಸಿಕೊಂಡು, ಆಳುಗಳಿಗೆ ಕೇಳಿಸದಷ್ಟು ಹತ್ತಿರ ಬಂದು ನಿಂತ.

ಚೌಡಪ್ಪ: ಸಾ, ನಮ್ಮೂರು ಕುಣಿಗಲ್ ಆಚೆ, ಗುಡ್ಡದ ಹಿಂದೆ. ಮೀಸೆ ಬಂದಾಗಿಂದ ಊರೂರಿಗೆ ರಸ್ತೆ ಉಜ್ಕಂಡು ತಿರುಗ್ತಾವ್ನಿ. ನಮ್ಮೂರ ರಸ್ತೆ ಇದ್ಕಿಂತ ಬಾಳ ಚೆನ್ನಾಗೈತೆ. ಮುಂದಿನ ಭಾನುವಾರ ಒಂದ್ಸಲ ಬಂದು ಮೆಚ್ಕಂಡು ಹೋಗಿ.